ಟೈಲರಕ್ಕ ಹೊರಕ್ಕೆ ತಿರುಗಿಸಿದ ಹೊಲಿಗೆ

ಕಳೆದ ವಾರ ಅರಸೀಕೆರೆಯ ಬಟ್ಟೆ ಅಂಗಡಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಇನ್ನೂ ಆರನೇ ಕ್ಲಾಸು. "ಅಂಕಲ್, ಸೈಕಲ್ ತುಳಿದ್ರೆ ತೊಡೆ ಉಜ್ಜಿ ಗಾಯ ಆಗುತ್ತೆ, ಅದಕ್ಕೊಂದು ಚಡ್ಡಿ ಬೇಕು," ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. ಅಂಗಡಿಯವರು ಒಂದು ಚಡ್ಡಿಯನ್ನು ತಿರುವಿ ತೋರಿಸಿದರು. ತೊಡೆಗಳು ಕೂಡುವಲ್ಲಿ ಎಲೆಯಾಕಾರದ ಒಂದು ತುಂಡು. ಒಳಗೆ ಹೊಲಿಗೆಯೇ ಕೈಗೆ ಸಿಗಲಿಲ್ಲ. "ಹೊಸ ಟೆಕ್ನಿಕ್ ಮೇಡಂ," ಎಂದರು.

ಹೊಸ ಟೆಕ್ನಿಕ್ಕಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಇದನ್ನು ನಮ್ಮೂರಿನ ಟೈಲರಕ್ಕ ಹಳೇ ಪಂಚೆಯ ತುಂಡಿನಲ್ಲಿ ಎಂದೋ ಹೊಲಿದು, ಅದಕ್ಕಾಗಿ ಊರಿನವರ ಬಾಯಿಗೆ ಬಿದ್ದಿದ್ದಳು.

ನಮ್ಮೂರು ಹಗರೆಯಿಂದ ಹಳೇಬೀಡಿಗೆ ಹೋಗುವ ದಾರಿಯಿಂದ ಒಳಗೆ. ಹೈಸ್ಕೂಲು ಏಳು ಕಿಲೋಮೀಟರು. ಎಂಟನೇ ಕ್ಲಾಸಿಗೆ ಸೇರಿದ ನಮಗೆಲ್ಲ ಸರ್ಕಾರದ ಸೈಕಲ್ ಬಂತು. ಆ ವರ್ಷವೇ ಶಾಲೆಯಲ್ಲಿ ಹೊಲಿಸಿದ್ದ ನೀಲಿ ಚೂಡಿದಾರವನ್ನೂ ಕೊಟ್ಟರು. ದಪ್ಪ ಟೆರಿಕಾಟ್. ಪ್ಯಾಂಟಿನ ನಾಲ್ಕು ಹೊಲಿಗೆಗಳೂ ಸರಿಯಾಗಿ ನಾವು ಕೂರುವ ಜಾಗಕ್ಕೇ ಬಂದು ಗಂಟಾಗಿದ್ದವು. ಹೋಗಿಬಂದು ಹದಿನಾಲ್ಕು ಕಿಲೋಮೀಟರು ಬೆವರಿನಲ್ಲಿ ತುಳಿದರೆ ಏನಾಗುತ್ತದೆಂದು ಹೊಲಿಸಿದ ಪುಣ್ಯಾತ್ಮರು ಯಾರೂ ಯೋಚಿಸಿರಲಿಲ್ಲ. ಅವರ್ಯಾರೂ ಚೂಡಿದಾರ ಹಾಕಿಕೊಂಡು ಸೈಕಲ್ ತುಳಿದವರಲ್ಲವಲ್ಲ.

ಮೊದಲು ಕೆಂಪಾಯಿತು, ಆಮೇಲೆ ಸಿಪ್ಪೆ ಎದ್ದಿತು, ಕೊನೆಗೆ ರಕ್ತ. ಯಾರಿಗೆ ಹೇಳುವುದು? ನಾನು ಗಾಯದ ಮೇಲೆ ಪೌಡರ್ ಸುರಿದುಕೊಂಡೆ. ಅದು ಬೆವರಿಗೆ ಮುದ್ದೆಯಾಗಿ ಇನ್ನಷ್ಟು ಉಜ್ಜಿತು. ಸೀಟಿಗೆ ಟವೆಲ್ ಕಟ್ಟಿದೆ. ಅದು ಮಡಿಕೆ ಬಿದ್ದು ಮತ್ತಷ್ಟು ಕೊರೆಯಿತು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಶಾಲೆ ತಪ್ಪಿಸತೊಡಗಿದೆ. ಅಮ್ಮ, "ಓದೋಕೆ ಇಷ್ಟ ಇಲ್ದಿದ್ರೆ ಬಿಟ್ಬಿಡು, ಮನೇಲಿ ಕೆಲ್ಸ ಐತೆ," ಎಂದಳು.

ಆ ಪ್ಯಾಂಟಿನ ನಡುವೆ ಹರಿದಿದ್ದನ್ನು ಹೊಲಿಸಲು ಟೈಲರಕ್ಕನ ಹತ್ತಿರ ಹೋದೆ. ಅವಳ ಜಗಲಿಗೆ ಮೆಷಿನ್ ಎಣ್ಣೆಯ ವಾಸನೆ... ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನಿಂತುಬಿಡುತ್ತೇನೆ. ಅವಳು ಹರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದಳು. ತೊಳೆದರೂ ಕಲೆ ಹೋಗಿರಲಿಲ್ಲ.

"ಎಷ್ಟ್ ದಿನದಿಂದ ಹಿಂಗೆ ಕಣೇ?"

ನಾನು ಅತ್ತುಬಿಟ್ಟೆ.

ಅವಳು ಬೈಯಲಿಲ್ಲ. ಪೌಡರ್ ಮುಟ್ಟಬೇಡ ಎಂದಳು. ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಗಾಳಿಗೆ ಒಣಗಿಸಿ, ಕೊಬ್ಬರಿ ಎಣ್ಣೆ ತೆಳುವಾಗಿ ಸವರು. ಗಾಯ ಮಾಯುವವರೆಗೆ ಸೈಕಲ್ ಬೇಡ. ಕೀವು ಕಂಡರೆ ನಾಚಿಕೊಂಡು ಕೂರದೆ ಆಸ್ಪತ್ರೆಗೆ ಹೋಗು. ಆಮೇಲೆ ತಾನೇ ಬಂದು, ಎತ್ತರವಾಗಿದ್ದ ಸೀಟನ್ನು ಇಳಿಸಿ ಬಿಗಿಸಿದಳು. ಹರಿದ ಪ್ಯಾಂಟನ್ನು ತನ್ನ ಹತ್ತಿರವೇ ಇಟ್ಟುಕೊಂಡು, ನನ್ನ ಇನ್ನೊಂದು ಯೂನಿಫಾರಂ ಪ್ಯಾಂಟಿನ ನಡುವನ್ನು ಕತ್ತರಿಸಿ, ಮೆತ್ತಗಿನ ಪಂಚೆಬಟ್ಟೆಯ ತುಂಡು ಕೂಡಿಸಿ, ಹೊಲಿಗೆಯನ್ನೆಲ್ಲ ಹೊರಕ್ಕೆ ತಿರುಗಿಸಿದಳು. ಒಂದು ವಾರ ಬಿಟ್ಟು ಸೈಕಲ್ ಹತ್ತಿದೆ, ಉರಿಯಲಿಲ್ಲ. ನನ್ನನ್ನು ನೋಡಿ ಇನ್ನೂ ನಾಲ್ಕು ಹುಡುಗಿಯರು ಹೊಲಿಸಿಕೊಂಡರು. ಅವರಿಗೂ ಗಾಯವಿತ್ತು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ ಅಷ್ಟೇ.

ಸೈಕಲ್ ಹತ್ತುವಾಗ ಬಿಳಿ ತುಂಡು ಕಾಣುತ್ತದೆಂದು ಹೆಡ್‌ಮಾಸ್ಟರು ನಮ್ಮ ಐವರನ್ನೂ ವರಾಂಡದಲ್ಲಿ ನಿಲ್ಲಿಸಿದರು. ಯೂನಿಫಾರಂ ಕೆಡಿಸಿದವರಿಗೆ ಕ್ಲಾಸಿಲ್ಲವಂತೆ. ಮಕ್ಕಳ ಚರ್ಮ ಕಿತ್ತುಬಂದಾಗ ಕಾಣದ ಕಣ್ಣಿಗೆ ಅಂಗೈಯಗಲದ ಬಿಳಿ ಬಟ್ಟೆ ಕಂಡುಬಿಟ್ಟಿತು!

ಮಾರನೆಯ ದಿನ ಟೈಲರಕ್ಕ ಬಸ್ಸು ಹತ್ತಿ ಶಾಲೆಗೇ ಬಂದಳು. ಕೈಚೀಲದಿಂದ ನನ್ನ ಹಳೆಯ ಪ್ಯಾಂಟು ತೆಗೆದು, ಕಲೆ ಮೇಲೆ ಬರುವಂತೆ ಹೆಡ್‌ಮಾಸ್ಟರ ಮೇಜಿನ ಮೇಲೆ ಹರಡಿದಳು. ನಾವು ಬಾಗಿಲ ಹೊರಗೇ ನಿಂತಿದ್ದೆವು.

"ಸೈಕಲ್ ಕೊಟ್ರಿ ಸಾರ್, ಸಂತೋಷ. ದಿನಾ ಹೊಸ ಚರ್ಮ ಎಲ್ಲಿಂದ ತರ್ಬೇಕು ಈ ಮಕ್ಳು?"

ಅವರ ಮುಖ ಕೆಂಪಾಯಿತು. "ಮಾನ ಮರ್ಯಾದೆ ಇಲ್ವೇನಮ್ಮ? ಯಾರದಿದು?" ಎಂದು ನಮ್ಮ ಕಡೆ ತಿರುಗಿದರು.

ನಾನು ತಲೆ ತಗ್ಗಿಸಿದೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಂದೇ ಅಂದ್ಕಳಿ ಸಾರ್," ಎಂದಳು.

ಅಂದೇ ನಮ್ಮನ್ನು ಕ್ಲಾಸಿಗೆ ಬಿಟ್ಟರು. ಬಿಳಿ ತುಂಡಿನ ಸುದ್ದಿ ಮತ್ತೆ ಬರಲಿಲ್ಲ, ನಾವು ಐವರೂ ಎಸ್ಸೆಸ್ಸೆಲ್ಸಿ ಮುಗಿಸಿದೆವು. ಊರು ಮಾತ್ರ ಅವಳನ್ನು ಬಿಡಲಿಲ್ಲ. ರಕ್ತದ ಬಟ್ಟೆಯನ್ನು ಗಂಡಸರ ಮುಂದೆ ಹರಡಿದವಳು ಎಂದು ಆಡಿಕೊಂಡರು. ಅವಳ ಜಗಲಿಗೆ ರವಿಕೆ ಹೊಲಿಸಲು ಹೋಗುವವರು ಕಡಿಮೆಯಾದರು. ನನ್ನ ಅಮ್ಮನೂ ಹೋಗಲಿಲ್ಲ. ಆ ಪ್ಯಾಂಟು ಯಾರದೆಂದು ಎಷ್ಟು ಜನ ಕೇಳಿದರೂ ಅಕ್ಕ ಬಾಯಿ ಬಿಡಲಿಲ್ಲ. ಎಲ್ಲರ ಮೇಲೂ ನನಗೆ ಸಿಟ್ಟಿದೆ. ಎಲ್ಲರಿಗಿಂತ ಹೆಚ್ಚು ವರಾಂಡದಲ್ಲಿ ತಲೆ ತಗ್ಗಿಸಿ ನಿಂತ ಆ ಹುಡುಗಿಯ ಮೇಲೆ.

ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಸುದ್ದಿ ನನಗೆ ತಿಂಗಳು ಕಳೆದ ಮೇಲೆ ತಿಳಿಯಿತು. ಹೋದಾಗ ಜಗಲಿಯಲ್ಲಿ ಮೆಷಿನ್ ಇರಲಿಲ್ಲ... ಅಕ್ಕ ಇದ್ದಾಗ ಎಷ್ಟು ಸಲ ಊರಿಗೆ ಹೋಗಿದ್ದೆ, ಒಂದು ಮಾತು ಹೇಳಲಿಲ್ಲ.

ಕಳೆದ ವಾರ ಅಂಗಡಿಯಿಂದ ಹೊರಗೆ ಬಂದ ಮೇಲೆ ಮಗಳು ಚಡ್ಡಿಯ ಕವರನ್ನು ಸೈಕಲ್ ಹ್ಯಾಂಡಲಿಗೆ ಸಿಕ್ಕಿಸಿಕೊಂಡು, "ಯಾಕಮ್ಮ ಅಳ್ತಿದೀಯಾ?" ಎಂದಳು. ಅವಳಿಗೆ ಅಂದು ಎಲ್ಲ ಹೇಳಿದೆ. ಈಗ ಇಲ್ಲಿ ಬರೆಯುತ್ತಿದ್ದೇನೆ, ನಮ್ಮೂರಿನವರೂ ಓದಲಿ. ಆ ಪ್ಯಾಂಟು ನನ್ನದು.