ರಂಗೋಲಿ ಇಲ್ಲದ ಅಂಗಳ

ಭೂಮಿ ಗುಂಡಗಿದೆ, ಅದಕ್ಕೆ ಒಂದು ಕಬ್ಬಿಣದ ಕಾಲಿದೆ, ಸಂಜೆಯಾದರೆ ಪಾಠ ಹೇಳುವ ಅಕ್ಕೋರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಪಕ್ಕದ ಮನೆಯ ಹುಡುಗಿ ಶಾಲೆಯಿಂದ ತಂದ ಸುದ್ದಿ ಇದು. ಹಾಗಾದರೆ ನಾವು ನಿಂತಿರುವುದು ಎಲ್ಲಿ ಎಂದು ಕೇಳಿ ಕೇಳಿ ಅಜ್ಜಿಯ ತಲೆ ತಿಂದೆ. ಅವಳಿಗೂ ಗೊತ್ತಿರಲಿಲ್ಲ. ನಾನೇ ಹೋಗಿ ನೋಡಬೇಕೆಂದು ಜೀವ ಹಾರುತ್ತಿತ್ತು.

ಸಾವಿರದ ಒಂಬೈನೂರಿಪ್ಪತ್ತರ ದಶಕದ ಮಾತು. ಧಾರವಾಡದ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ತಾವಾಗಿಯೇ ಶಾಲೆಗೆ ಹೋಗುತ್ತಿರಲಿಲ್ಲ. ಕರೆಯಲು ಶಾಲೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಮನೆಮನೆಯ ಮುಂದೆ ನಿಂತು ಕೂಗಿ, ಹುಡುಗಿಯರನ್ನು ಕೂಡಿಸಿಕೊಂಡು ಹೋಗಿ, ಸಂಜೆ ತಿರುಗಿ ಮುಟ್ಟಿಸುತ್ತಿದ್ದಳು. ನಮ್ಮ ಮನೆ ಬಂದಾಗ ಮಾತ್ರ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಬೇಗ ಬೇಗ ದಾಟಿಬಿಡುತ್ತಿದ್ದಳು.

ಅಪ್ಪ ದಿನಾ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಹೋಗಿ ಬರುವವನು. ಶಾಲೆಗೆ ಹೋಗಲೇ ಎಂದು ಕೇಳಿದರೆ, "ನಿಮ್ಮ ಅಜ್ಜೀನ್ನ ಕೇಳು" ಅನ್ನುತ್ತಿದ್ದ. ಅಜ್ಜಿಯದು ಒಂದೇ ಹಟ.

"ಓಣ್ಯಾಗಿನ ಹುಡುಗ್ಯಾರನ್ನೆಲ್ಲಾ ಕರೀತಾಳ, ನಿನ್ನ ಕರ್ಯಂಗಿಲ್ಲ. ಕರೀದ ಹೋಗಲಿಕ್ಕೆ ನಾವೇನು ಬಿಟ್ಟಿ ಬಿದ್ದೇವೇನು?"

ನನಗೋ ಎದೆಯಲ್ಲಿ ಅಳುಕು. ಇನ್ನೆರಡು ವರ್ಷಕ್ಕೆ ಮದುವೆಯ ಮಾತು ಶುರುವಾದರೆ ಆ ಕಪಾಟು ನನ್ನ ಪಾಲಿಗೆ ಮುಚ್ಚಿದಂತೆಯೇ. ಒಂದು ದಿನ ತಡೆಯಲಾರದೆ ಓಡಿಹೋಗಿ ಆ ಕರೆಯುವ ಹೆಂಗಸಿನ ಸೆರಗು ಹಿಡಿದೆ.

"ನಮ್ಮ ಮನಿ ಮುಂದ ಯಾಕ ನಿಂದ್ರಂಗಿಲ್ರಿ ನೀವು?"

ಅವಳು ನಮ್ಮ ಬಾಗಿಲಿನ ಕಡೆ ಅಳುಕುತ್ತಲೇ ನೋಡಿದಳು. "ರಂಗೋಲಿ ಇಲ್ಲದ ಮನ್ಯಾಗ ಸೂತಕ ಇರತೈತವ್ವಾ. ಅಂಥಲ್ಲಿ ನಿಂತು ಸಾಲಿಗೆ ಬಾ ಅಂತ ಕರೀಬಾರದು."

"ದಿನಾ ಸೂತಕ ಇರತದೇನ್ರಿ?"

"ನನಗೇನು ಗೊತ್ತವ್ವಾ. ಪಾಪ, ಒಬ್ಬರ ಹಿಂದ ಒಬ್ಬರು ಹೋಗಾಕತ್ತಾರ ಅನ್ಕೊಂಡಿದ್ನಿ."

ಅವಳದೂ ತಪ್ಪಿಲ್ಲ. ನಮ್ಮ ಊರಲ್ಲಿ ಬರಿ ಅಂಗಳ ನೋಡಿದವರು ಹಾಗೆಯೇ ತಿಳಿಯುತ್ತಾರೆ. ನನ್ನನ್ನು ಹೆತ್ತ ವರ್ಷವೇ ಅವ್ವ ತೀರಿಕೊಂಡಿದ್ದಳು. ಅಜ್ಜಿ ವಿಧವೆ, ರಂಗೋಲಿ ಬಟ್ಟಲು ಮುಟ್ಟುವ ಹಾಗಿರಲಿಲ್ಲ. ಆ ರೂಢಿಯ ಮೇಲೆ ನನಗೆ ಈಗಲೂ ಸಿಟ್ಟಿದೆ. ನನ್ನ ಕೈಗೆ ಬಟ್ಟಲು ಕೊಡಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ವಿಷಯ ತಿಳಿದು ಅಜ್ಜಿ ಮೊದಲು ಕೆಂಡವಾದಳು. "ಇದ್ದವರನ್ನ ಸತ್ತಾರ ಅಂತಾಳಲ್ಲ." ಆಮೇಲೆ ಹೊರಗೆ ಹೋಗಿ ಬರಿ ಅಂಗಳ ನೋಡಿ ಬಂದಳು. ಮರುದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿ ಅಡುಗೆಮನೆಗೆ ಕರೆದೊಯ್ದಳು. ತಂಬಿಗೆಯಲ್ಲಿ ಬೆರಳು ಅದ್ದಿ ಕರೀ ಕಲ್ಲಿನ ನೆಲದ ಮೇಲೆ ನೀರಿನಿಂದಲೇ ಒಂದು ತಾವರೆ ಬರೆದಳು. ಎಳೆ ಎಲ್ಲಿಯೂ ತಪ್ಪಲಿಲ್ಲ. ಇಷ್ಟು ಚಂದದ ಕೈ ಇಷ್ಟು ವರ್ಷ ಎಲ್ಲಿತ್ತು ಎಂದು ನಾನು ಬೆರಗಾದೆ.

"ನೀರಿಗೇನು ದೋಷ ಇಲ್ಲ," ಎಂದಳು. "ಆರೂದ್ರೊಳಗ ನೋಡ್ಕೋ. ಹೊರಗ ನೀ ಹಾಕು."

ಹೊರಗೆ ನಾನು ಹಾಕಿದ್ದು ತಾವರೆಗಿಂತ ಹೆಚ್ಚಾಗಿ ಮೆಟ್ಟಿದ ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಆದರೆ ಆ ಹೆಂಗಸು ನಿಂತಳು. ಇಡೀ ಓಣಿಗೆ ಕೇಳುವ ಹಾಗೆ ಕರೆದಳು.

ಶಾಲೆಯಲ್ಲಿ ಭೂಮಿ ಕಪಾಟಿನಲ್ಲಿಯೇ ಇತ್ತು. ಹೊಸಬರಿಗೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಮೇಲೆ ಬಟ್ಟೆ ಹೊದಿಸಿದ್ದರಿಂದ ಕಪಾಟಿನ ಗಾಜಿನೊಳಗಿಂದ ಅದರ ಕಾಲನ್ನಷ್ಟೇ ನೋಡಿದೆ. ಅಕ್ಕೋರು ಪಾಟಿಯ ಮೇಲೆ ಅ ತಿದ್ದಿಸಿದರು.

ಸಂಜೆ ಅಜ್ಜಿ ಬಾಗಿಲಲ್ಲೇ ಕೂತಿದ್ದಳು. "ಭೂಮಿ ನೋಡಿದೇನು?"

"ಕಾಲು ನೋಡಿದೆ. ಅ ಕಲಿಸ್ಯಾರ."

"ಎಲ್ಲಿ, ತೋರಸು."

ಪಾಟಿ ಶಾಲೆಯಲ್ಲಿಯೇ ಉಳಿದಿತ್ತು. ನಾನು ಅವಳನ್ನು ಅಡುಗೆಮನೆಗೆ ಕರೆದೊಯ್ದು, ತಂಬಿಗೆಯಲ್ಲಿ ಬೆರಳು ಅದ್ದಿ ಅದೇ ಕರೀ ಕಲ್ಲಿನ ಮೇಲೆ ಬರೆದೆ. ಅಜ್ಜಿ ಬಗ್ಗಿ ನೋಡಿದಳು. ಅಕ್ಷರದ ತುದಿಗೆ ತನ್ನ ಬೆರಳಿಟ್ಟು ಮೆಲ್ಲಗೆ ತಿದ್ದತೊಡಗಿದಳು. ಅವಳು ಕೊನೆ ಮುಟ್ಟುವುದರೊಳಗೆ ಮೊದಲ ಗೆರೆ ಆರಿಹೋಗಿತ್ತು.

"ಇನ್ನೊಮ್ಮೆ ಬರಿ," ಎಂದಳು. "ನಾಳೆ ಇದರ ಮುಂದಿಂದು ಮರೀದ ಕಲ್ತು ಬಾ. ನಾ ಕಾಯ್ತಿರ್ತೇನಿ."