ಹರಪನಹಳ್ಳಿಯ ಜವಳಿ ಅಂಗಡಿಯಲ್ಲಿ ಒಂದು ಪ್ರೋಟೀನಿನ ಪಾಠ

2002ನೇ ಇಸವಿಯಲ್ಲಿ ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ಒಟ್ಟು ಇಬ್ಬರಿದ್ದೆವು. ಇನ್ನೊಬ್ಬರು ನನಗಿಂತ ಕಿರಿಯರಾದ್ದರಿಂದ ಮುಖ್ಯಸ್ಥಗಿರಿ ಯಾವ ಹೋರಾಟವೂ ಇಲ್ಲದೆ ನನಗೆ ದಕ್ಕಿತ್ತು. ಕಪ್ಪೆ, ಜಿರಳೆ, ಜಾಡಿಯೊಳಗೆ ಸುರುಳಿ ಸುತ್ತಿ ಮಲಗಿದ್ದ ಒಂದು ನಾಗರಹಾವು, ಇಷ್ಟೇ ನನ್ನ ಆಳ್ವಿಕೆಗೆ ಒಳಪಟ್ಟ ಪ್ರಜೆಗಳು. ಬೀಗರ ನಡುವೆ ಸಂಧಾನ ನಡೆಸುವುದು ಪ್ರಾಣಿಶಾಸ್ತ್ರದ ಪಠ್ಯಕ್ರಮದಲ್ಲಿ ಇಲ್ಲ. ಆದರೂ ಆ ವರ್ಷ ನಡೆಸಬೇಕಾಯಿತು.

ಕಾರಣ ಗಿರಿಜಾ. ನನ್ನ ಹಳೆಯ ವಿದ್ಯಾರ್ಥಿನಿ, ಊರಿನ ಶೇಂಗಾ ವ್ಯಾಪಾರಿ ಬಸವರಾಜಪ್ಪನವರ ಮಗಳು. ಹೈದರಾಬಾದಿನ ಒಂದು ಕ್ಯಾನ್ಸರ್ ಸಂಶೋಧನಾ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ವಿಷಯ ಮನುಷ್ಯನ ಜೀವಕೋಶದಲ್ಲಿರುವ ಎಚ್‌ಎಸ್‌ಪಿ 90 ಎಂಬ ಪ್ರೋಟೀನಿನ ರಚನೆ. ಇದು ಶಾಪೆರೋನ್ ಜಾತಿಯದು, ಅಂದರೆ ಬೇರೆ ಪ್ರೋಟೀನುಗಳು ಸರಿಯಾದ ಆಕಾರಕ್ಕೆ ಬರುವತನಕ ಜೊತೆಗಿದ್ದು ನೋಡಿಕೊಳ್ಳುವಂಥದ್ದು. ಕೋಶಕ್ಕೆ ಬಿಸಿ ತಗುಲಿದಾಗ ಈ ಬಳಗ ಹೆಚ್ಚುವುದರಿಂದ ಹೀಟ್ ಶಾಕ್ ಪ್ರೋಟೀನ್ ಎಂಬ ಹೆಸರು. ತೂಕ ಸುಮಾರು ತೊಂಬತ್ತು ಸಾವಿರ ಡಾಲ್ಟನ್, ಅದಕ್ಕೇ 90. ಬಳ್ಳಾರಿ ಸೀಮೆಯವರ ಮೈಯಲ್ಲಿ ಇದು ಯಥೇಚ್ಛವಾಗಿರಬೇಕೆಂಬುದು ನನ್ನ ಸ್ವಂತ ಸಿದ್ಧಾಂತ. ಅದಕ್ಕೆ ನಮ್ಮ ಬಿಸಿಲಿನ ಹೊರತು ಬೇರೆ ಆಧಾರವಿಲ್ಲ.

ಹರಪನಹಳ್ಳಿಯ ಜವಳಿ ವ್ಯಾಪಾರಿ ಚನ್ನಬಸಪ್ಪನವರ ಮಗ ಶಿವಕುಮಾರನೊಂದಿಗೆ ಗಿರಿಜಾಳ ಸಂಬಂಧ ಗೊತ್ತಾಗಿತ್ತು. ಓದು ಮುಗಿದ ಮೇಲೆ ಮದುವೆ ಎಂಬ ಮಾತಾಗಿತ್ತು. ಇದ್ದಕ್ಕಿದ್ದಂತೆ ಆ ಮನೆಯಿಂದ ಹೇಳಿಕಳಿಸಿದರು: ಹುಡುಗಿ ಕ್ಯಾನ್ಸರಿನ ಕೆಲಸ ಬಿಡಬೇಕು, ಇಲ್ಲವಾದರೆ ಸಂಬಂಧ ಬೇಡ. ದಿನಾ ಕ್ಯಾನ್ಸರ್ ಮುಟ್ಟುವ ಕೈ, ನಾಳೆ ಅದೇ ಕೈಯಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದಲ್ಲವೇ ಎಂಬುದು ಅವರ ತಕರಾರು. ಥೀಸಿಸ್ಸಿಗೆ ಇನ್ನೊಂದು ವರ್ಷ ಬೇಕಿತ್ತು. "ಓದು ಬಿಡಂಗಿಲ್ಲ" ಎಂದಳು ರಜೆಯಲ್ಲಿ ಊರಿಗೆ ಬಂದಿದ್ದ ಗಿರಿಜಾ. ಹುಡುಗನನ್ನು ಬಿಡುವ ಮನಸ್ಸೂ ಇಲ್ಲವೆಂಬುದು ಅವಳು ಹೇಳದಿದ್ದರೂ ಮುಖದಲ್ಲಿ ಕಾಣುತ್ತಿತ್ತು.

ಬಸವರಾಜಪ್ಪ ನೇರ ಸ್ಟಾಫ್ ರೂಮಿಗೇ ಬಂದರು. "ಮೇಷ್ಟ್ರೇ, ಆಕಿ ತಲಿಯಾಗ ಇದನ್ನೆಲ್ಲಾ ತುಂಬಿದೋರು ನೀವ. ಬಂದು ಅವರಿಗೆ ಬಿಡಿಸಿ ಹೇಳ್ರಿ. ನನಗ ಶೇಂಗಾದ ರೇಟು ಬಿಟ್ರ ಏನೂ ಹೇಳಾಕ ಬರಂಗಿಲ್ಲ."

ಮದುವೆಯ ಸೀರೆ ನೋಡುವ ನೆಪ ಮಾಡಿಕೊಂಡು ಬಸವರಾಜಪ್ಪ, ಗಿರಿಜಾ, ನಾನು ಮೂವರೂ ಹರಪನಹಳ್ಳಿಯ ಬಸ್ಸು ಹತ್ತಿದೆವು. ಕೆಲವು ವರ್ಷಗಳ ಹಿಂದೆ ಆ ತಾಲ್ಲೂಕನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರು. ಬಿಸಿಲಿಗೆ ಮಾತ್ರ ಆ ಆದೇಶ ಇನ್ನೂ ತಲುಪಿರಲಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ. ಪಡಸಾಲೆಯಲ್ಲಿ ರುಮಾಲು ಸುತ್ತಿಕೊಂಡು ಚನ್ನಬಸಪ್ಪ ಗಂಭೀರವಾಗಿ ಕುಳಿತಿದ್ದರು. ಮೂಲೆಯಲ್ಲಿ ಶಿವಕುಮಾರ, ಯಾರ ಪಕ್ಷವೆಂದು ತಿಳಿಯದ ಹಾಗೆ. ಅವನ ತಾಯಿ ಗೌರಮ್ಮ ಚಹಾ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಸರಿದು ನಿಂತರು.

ಬೋರ್ಡು, ಸೀಮೆಸುಣ್ಣ ಇಲ್ಲದೆ ನನಗೆ ಪಾಠ ಬರುವುದಿಲ್ಲ. "ಯಜಮಾನರೇ, ನಿಮ್ಮ ರುಮಾಲು ಸ್ವಲ್ಪ ಬೇಕಿತ್ತಲ್ಲ" ಎಂದೆ.

"ತಲಿ ಮ್ಯಾಲಿಂದು ಕೊಡಾಕ ಆಗಲ್ಲ, ಹೊಸಾದು ತಗೀರಿ. ಮಡಿಕಿ ಮುರೀಬ್ಯಾಡ್ರಿ ಮತ್ತೆ" ಎಂದು ಕಪಾಟಿನಿಂದ ಒಂದನ್ನು ತೆಗೆಸಿದರು. ಮಡಿಕೆ ಮುರಿಯದೆ ಪ್ರೋಟೀನು ವಿವರಿಸುವ ವಿದ್ಯೆ ನನಗಿರಲಿಲ್ಲ. ಒಂದು ತುದಿಯನ್ನು ಶಿವಕುಮಾರನ ಕೈಗೆ ಕೊಟ್ಟೆ. ಮೈಯೊಳಗೆ ಪ್ರೋಟೀನು ಹುಟ್ಟುವುದು ಹೀಗೆ ಉದ್ದದ ಪಟ್ಟಿಯಾಗಿ, ಸರಿಯಾಗಿ ಸುತ್ತಿದರೆ ಮಾತ್ರ ಕೆಲಸಕ್ಕೆ ಬರುತ್ತದೆ ಎಂದೆ. ಸುತ್ತುವಾಗ ತೊಡಕಾಗದ ಹಾಗೆ ಇನ್ನೊಂದು ತುದಿ ಹಿಡಿಯುವವನೊಬ್ಬ ಬೇಕು. ಸುತ್ತಿ ಮುಗಿದ ಮೇಲೆ ಅವನು ಕೈ ಬಿಡುತ್ತಾನೆ, ಅವನೇನೂ ರುಮಾಲಿನ ಭಾಗವಲ್ಲ. ಗಿರಿಜಾ ಓದುತ್ತಿರುವುದು ಆ ತುದಿ ಹಿಡಿಯುವವನ ಬಗ್ಗೆ.

"ಅಂದ್ರೆ ಅದು ರೋಗ ಅಲ್ಲ?"

"ಅಲ್ಲ. ಅದು ನಿಮ್ಮ ಮೈಯೊಳಗೂ ಐತಿ."

ಚನ್ನಬಸಪ್ಪ ತಮ್ಮ ಎರಡೂ ತೋಳುಗಳನ್ನು ಸಂಶಯದಿಂದ ನೋಡಿಕೊಂಡರು. "ಈ ಹುಡುಗಿಗೆ ಅದು ಎಲ್ಲಿ ಸಿಗತೈತಿ? ಯಾರ ಮೈಯಾಗಿಂದ ತಗೀತಾಳೆ?"

"ಯಾರ ಮೈಯಿಂದಾನೂ ಅಲ್ರಿ ಮಾವ. ಬ್ಯಾಕ್ಟೀರಿಯಾದಾಗ ಬೆಳೆಸಿ ತಗೀತೀವಿ" ಎಂದಳು ಗಿರಿಜಾ.

"ಕೇಳಿದ್ರೇನ್ರಿ ಬೀಗರೇ? ಕ್ಯಾನ್ಸರ್ ಹೋತು, ಬ್ಯಾಕ್ಟೀರಿಯಾ ಬಂತು!"

ನನ್ನ ಸಂಧಾನ ಕುಸಿಯುತ್ತಿರುವುದನ್ನು ಕಂಡು ಗಿರಿಜಾ ತಾನೇ ಎದುರು ಬಂದು ಕುಳಿತಳು. ಎರಡೂ ಮಣಿಕಟ್ಟುಗಳನ್ನು ಜೋಡಿಸಿ, ಅಂಗೈಗಳನ್ನು ತೆರೆದು ಹಿಡಿದಳು. ಇದು ಹೀಗಿದೆ, ಒಂದೇ ಥರದ ಎರಡು ತುಂಡು ಬುಡದಲ್ಲಿ ಕೂಡಿ, ಮೇಲೆ ಬಿಡಿಯಾಗಿವೆ ಎಂದಳು. ಒಂದೊಂದರ ಮೇಲ್ತುದಿಯಲ್ಲೂ ಒಂದು ಪುಟ್ಟ ಗೂಡು. ಕೋಶದ ಇಂಧನವಾದ ಎಟಿಪಿ ಬಂದು ಅಲ್ಲಿ ಕುಳಿತರೆ ಕೈಗಳು ಮುಚ್ಚಿಕೊಳ್ಳುತ್ತವೆ, ಅದು ಮುರಿದರೆ ತೆರೆಯುತ್ತವೆ. ಈ ಪ್ರೋಟೀನನ್ನು ಹರಳುಗಟ್ಟಿಸಿ, ಎಕ್ಸ್‌-ರೇ ಹಾಯಿಸಿ, ಆ ಗೂಡಿನ ನಿಖರವಾದ ಆಕಾರ ತಿಳಿಯುವುದೇ ಅವಳ ಕೆಲಸ. ಹೇಳುತ್ತ ಹೇಳುತ್ತ ಅವಳ ಬೆರಳುಗಳು ಕೂಡಿ, ಬಿಚ್ಚಿ, ಮತ್ತೆ ಕೂಡಿದವು, ಒಳಗೆ ಗುಬ್ಬಿಮರಿ ಇದ್ದ ಹಾಗೆ. ರೊಟ್ಟಿ ಬಡಿಯಲು ಅಯೋಗ್ಯವೆಂದು ತೀರ್ಮಾನವಾಗಿದ್ದ ಕೈಗಳನ್ನೇ ಎಲ್ಲರೂ ನೋಡುತ್ತ ಕುಳಿತೆವು.

ಆಗ ಬಾಗಿಲಿನಿಂದ ಗೌರಮ್ಮ ಕೇಳಿದರು. "ಅಷ್ಟು ಒಳ್ಳೇದಾದ್ರೆ ಕ್ಯಾನ್ಸರಿಗೂ ಅದಕ್ಕೂ ಏನು ಸಂಬಂಧ?"

"ಅದಕ್ಕ ಕಾಯೋದು ಗೊತ್ತು ಅತ್ತಿ, ಯಾರನ್ನ ಕಾಯಾಕತ್ತೀನಿ ಅನ್ನೋದು ಗೊತ್ತಿಲ್ಲ. ಕೆಟ್ಟುಹೋದ ಪ್ರೋಟೀನನ್ನೂ ಬೀಳದಂಗ ಹಿಡಕೊಂತೈತಿ. ಕೆಟ್ಟದ್ದು ಒಳಗ ಬೆಳಕೊಂತ ಹೋಗತೈತಿ. ಕ್ಯಾನ್ಸರ್ ಕೋಶಕ್ಕ ಇಂಥಾ ಆಸರಿ ಭಾಳ ಬೇಕು."

"ಅಂದ್ರೆ ಮುಚ್ಚಿಡತೈತಿ."

"ಮೋಸ ಮಾಡಾಕಲ್ರಿ. ಹೆಂಗರ ಮಾಡಿ ಮನಿ ನಡೀಲಿ ಅಂತ ಹಿಡಕೊಂಡಿರತೈತಿ, ಅಷ್ಟ."

ಗೌರಮ್ಮ ಒಳಕ್ಕೆ ತಿರುಗಿ, "ಗಿರಿಜಾ, ಒಳಗೆ ಬಾ, ಸೀರಿ ನೋಡಣ" ಎಂದರು.

ಸೀರೆಗಳೆಲ್ಲ ಹೊರಗೆ ಅಂಗಡಿಯಲ್ಲಿದ್ದವು. ಒಳಗೆ ಎಂಥ ಸೀರೆ ಎಂದು ನಾವು ನಾಲ್ವರು ಗಂಡಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಶೇಂಗಾ, ಜವಳಿ, ಮಳೆ ಈ ಮೂರೂ ವಿಷಯಗಳನ್ನು ಮುಗಿಸಿದೆವು. ಎರಡನೆಯ ಸಲ ಚಹಾ ಬರಲಿಲ್ಲ.

ಗಿರಿಜಾ ಹೊರಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. "ಮಾವ, ನಾಳಿ ಬೆಳಿಗ್ಗೆ ಅತ್ತೀನ ದಾವಣಗೆರಿಗೆ ಕರಕೊಂಡು ಹೋಗಬೇಕು."

"ಯಾಕವ್ವಾ, ನಮ್ಮ ಅಂಗಡೀಲಿ ಇಲ್ಲದ ಸೀರಿ ಅಲ್ಲೇನೈತಿ?"

ಹಿಂದಿನಿಂದ ಗೌರಮ್ಮನ ದನಿ ಬಂತು. "ಸೀರಿಗಲ್ಲ. ಎದೆಯಾಗೆ ಒಂದು ಗಂಟಾಗೈತಿ. ಯುಗಾದಿಯಿಂದ ಐತಿ. ಮದುವಿ ಒಂದಾಗ್ಲಿ, ಆಮ್ಯಾಲೆ ಹೇಳಣ ಅಂತಿದ್ದೆ. ಈ ಹುಡುಗಿ ಅದನ್ನೇ ಓದಾಕಿ, ನನ್ನ ಮುಖ ನೋಡಿದ ಕೂಡ್ಲೆ ಕಂಡುಹಿಡೀತಾಳೆ ಅಂತ ಹೆದ್ರಿಕಿ. ಅದಕ್ಕೇ ಆ ಕೆಲ್ಸ ಬಿಡ್ಲಿ ಅಂತ ನಾನೇ ಹಟ ಹಿಡಿದಿದ್ದೆ. ಕೈ, ರೊಟ್ಟಿ ಎಲ್ಲಾ ಸುಮ್ನೆ ಹುಟ್ಟಿಸಿದ್ದು."

ಮುಖ ನೋಡಿ ರೋಗ ಹೇಳುವ ವಿದ್ಯೆ ಯಾವ ಪ್ರಯೋಗಾಲಯದಲ್ಲೂ ಇಲ್ಲವೆಂದು ಆಕೆಗೆ ಹೇಳುವ ಸಮಯ ಅದಾಗಿರಲಿಲ್ಲ.

ಚನ್ನಬಸಪ್ಪ ಎದ್ದು ನಿಂತರು. ಬೈಯುತ್ತಾರೆಂದು ನಾನು ಹೆದರಿದೆ. ಅವರು ಹೆಂಡತಿಯ ಹತ್ತಿರ ಹೋಗಿ, ಗಿರಾಕಿಗಳ ಮುಂದೆ ಎಂದೂ ಆಡಿರದಷ್ಟು ಮೆಲ್ಲಗೆ, "ಇಷ್ಟು ದಿನ ಒಬ್ಬಾಕೀನೇ ಇಟ್ಕಂಡಿದ್ಯಾ?" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಅಂಗಡಿ ಬಾಗ್ಲು ಹಾಕಲೇ ಶಿವು" ಎಂದರು. ಆಗ ನಡು ಮಧ್ಯಾಹ್ನ, ಅದೂ ಮದುವೆಗಳ ಕಾಲ.

ದಾವಣಗೆರೆಯಲ್ಲಿ ಬಯಾಪ್ಸಿ ಮಾಡಿದರು. ಗಂಟಿನಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಅದು. ಕ್ಯಾನ್ಸರೇ ಆಗಿತ್ತು. ದೂರಕ್ಕೆ ಹರಡಿದ ಗುರುತಿಲ್ಲ, ಆದರೆ ಇನ್ನು ತಡಮಾಡುವಂತಿಲ್ಲ ಎಂದು ಹೇಳಿ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಕೀಮೋಥೆರಪಿ. ಗಿರಿಜಾ ಹೈದರಾಬಾದಿಗೆ ಫೋನ್ ಮಾಡಿ ಮಾಡಿ ರಜೆ ಬೆಳೆಸುತ್ತ ಮಂಚದ ಪಕ್ಕವೇ ಉಳಿದಳು. ನಾನು ನೋಡಲು ಹೋದ ದಿನ ಆಕೆಗೆ ಮೋಸಂಬಿ ಸುಲಿದು ಕೊಡುತ್ತಿದ್ದಳು.

"ನಿನ್ನ ಆ ತೊಂಬತ್ತನೇ ನಂಬರಿಂದು, ಅದಕ್ಕೆ ಔಷಧಿ ಬಂದೈತೇನು?" ಎಂದರು ಗೌರಮ್ಮ.

ಗಿರಿಜಾ ನನ್ನ ಮುಖ ನೋಡಿದಳು. "ಇಲ್ಲರಿ ಅತ್ತಿ. ಹೊರದೇಶದಾಗ ನೋಡಾಕತ್ಯಾರ. ನಾ ಮಾಡೋದು ಅದರ ಆಕಾರ ಅಷ್ಟ. ನಿಮಗ ಅದರಿಂದ ಏನೂ ಉಪಯೋಗ ಆಗಂಗಿಲ್ಲ." ಅಷ್ಟು ಹೇಳಿ, ಇಷ್ಟು ದಿನ ತಡೆದುಕೊಂಡಿದ್ದವಳು ಅತ್ತುಬಿಟ್ಟಳು.

"ನನಗಾಗದಿದ್ರೆ ಇನ್ನೊಬ್ಬಾಕಿಗಾಗತೈತಿ. ಇಲ್ಲಿ ಕುಂತು ಮೋಸಂಬಿ ಸುಲಿದ್ರೆ ಅದು ಮುಗೀತೈತೇನು? ನಾಳೆ ರೈಲು ಹತ್ತು. ಬಿಡು ಅಂದಾಕಿ ನಾನೇ, ಹೋಗು ಅನ್ನಾಕೀನೂ ನಾನೇ." ಹಾಗೆ ಗದರುತ್ತಲೇ, ಬ್ಯಾಂಡೇಜು ಇಲ್ಲದ ಬದಿಯ ಕೈ ಎತ್ತಿ ಅವಳ ಕೆನ್ನೆ ಒರೆಸಿದರು.

ಗಿರಿಜಾ ಹೋದಳು, ಮುಗಿಸಿದಳು. ಮರುವರ್ಷ ಮದುವೆಯಾಯಿತು. ಹೊಸದಾಗಿ ಚಿಗುರಿದ ಕೂದಲ ಮೇಲೆ ಸೆರಗು ಹೊದ್ದು ಗೌರಮ್ಮ ಎಲ್ಲರಿಗಿಂತ ಮೊದಲು ಅಕ್ಷತೆ ಹಾಕಿದರು.

ಪಾಠವೆಂದರೆ ಎದುರಿನ ಬೆಂಚಿನಲ್ಲಿ ಕುಳಿತವರಿಗೆ ಹೇಳುವುದೆಂದು ಅಲ್ಲಿಯವರೆಗೆ ತಿಳಿದಿದ್ದೆ. ಅಂದು ಎದುರಿಗೆ ಕುಳಿತಿದ್ದ ಯಜಮಾನರಿಗೆ ನಾನು ಏನೂ ಕಲಿಸಲಿಲ್ಲ, ಅವರು ಕೊನೆಯವರೆಗೂ ಅದನ್ನು ಬ್ಯಾಕ್ಟೀರಿಯಾ ಎಂದೇ ಕರೆದರು. ಪಾಠ ಬೇಕಾಗಿದ್ದವರು ಬಾಗಿಲಲ್ಲಿ ನಿಂತಿದ್ದರು. ನಿವೃತ್ತನಾಗುವವರೆಗೂ ನಾನು ಕಾರಿಡಾರಿಗೂ ಕೇಳುವಷ್ಟು ಗಟ್ಟಿಯಾಗಿ ಪಾಠ ಮಾಡಿದೆ. ಪಕ್ಕದ ಕೊಠಡಿಯ ಅರ್ಥಶಾಸ್ತ್ರದವರು ಪ್ರಾಂಶುಪಾಲರಿಗೆ ಎರಡು ಸಲ ದೂರು ಕೊಟ್ಟರು. ನಾನು ದನಿ ಇಳಿಸಲಿಲ್ಲ.