ಹಡಗು ಎಷ್ಟು ಮುಳುಗಿದೆ

ಬೆಳಗಿನ ಹೊತ್ತು ಆಂಟಿಯ ಎರಡೂ ಕಣ್ಣುಗಳ ಸುತ್ತ ಎರಡು ಕೆಂಪು ಉಂಗುರಗಳು ಮೂಡಿರುತ್ತಿದ್ದವು. ಬೈನಾಕ್ಯುಲರನ್ನು ಮುಖಕ್ಕೆ ಒತ್ತಿ ಹಿಡಿದು ಆದ ಗುರುತು ಅದು. ನ್ಯೂಜೆರ್ಸಿಯ ಫೋರ್ಟ್ ಲೀಯ ನಮ್ಮ ಕಟ್ಟಡದ ಎಂಟನೇ ಮಹಡಿಯ ಬಾಲ್ಕನಿಯಲ್ಲಿ, ನೈಟಿಯ ಮೇಲೆ ಗಂಡನ ವಿಂಟರ್ ಜಾಕೆಟ್ ತೊಟ್ಟು ಅವರು ಹಡ್ಸನ್ ನದಿಯನ್ನು ನೋಡುತ್ತಾ ನಿಲ್ಲುತ್ತಿದ್ದರು. ಎಷ್ಟು ಹೊತ್ತು ಕೈ ಎತ್ತಿದ್ದರೂ ಬಳೆ ಅಲ್ಲಾಡುತ್ತಿರಲಿಲ್ಲ. ಮದುವೆಯಲ್ಲಿ ತೊಡಿಸಿದ ಚಿನ್ನದ ಬಳೆ ತೆಗೆಯಬೇಕೆಂದರೆ ಸೋಪು ಹಚ್ಚಬೇಕು, ಅಂಥ ದುಂಡಗಿನ ಕೈ. ಹೊಸಬರು ಆಂಟಿ ಎದುರಿನ ಸೇತುವೆಯ ಚೆಂದ ನೋಡುತ್ತಿದ್ದಾರೆಂದು ತಿಳಿಯುತ್ತಿದ್ದರು. ಅವರು ನೋಡುತ್ತಿದ್ದದ್ದು ಎಣ್ಣೆ ಹೊತ್ತು ಹೋಗುವ ಚಪ್ಪಟೆ ದೋಣಿಗಳನ್ನು, ಬಾರ್ಜುಗಳನ್ನು.

ಧಾರವಾಡದ ಈ ಆಂಟಿಗೆ ಮ್ಯಾನ್‌ಹ್ಯಾಟನ್ನಿನ ಒಂದು ಪುಟ್ಟ ಆಫೀಸಿನಲ್ಲಿ ಕೆಲಸ. ಕಚ್ಚಾ ತೈಲದ ಬೆಲೆ ಹೇಳುವ ನಾಲ್ಕು ಪುಟದ ಪತ್ರಿಕೆಯೊಂದನ್ನು ಅಲ್ಲಿಂದ ದಿನಾ ಫ್ಯಾಕ್ಸ್ ಮಾಡುತ್ತಿದ್ದರು. ತೈಲ ರಫ್ತು ಮಾಡುವ ದೇಶಗಳ ಮಂತ್ರಿಗಳು ಆಗಾಗ ವಿಯೆನ್ನಾದಲ್ಲಿ ಸೇರುತ್ತಾರಲ್ಲ, ಬೆಲೆ ಬಿದ್ದಿದೆ, ಎಲ್ಲರೂ ಉತ್ಪಾದನೆ ಇಳಿಸೋಣ ಎಂದು ಕೋಟಾ ಹಂಚಿಕೊಂಡು, ಕೈಕುಲುಕಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅವರಲ್ಲಿ ಕೆಲವರು ತಮ್ಮ ದೇಶಕ್ಕೆ ಹೋದೊಡನೆ ಗುಟ್ಟಾಗಿ ಹೆಚ್ಚು ಮಾರುತ್ತಿದ್ದರು. ಆ ಗುಟ್ಟನ್ನು ಹಿಡಿಯುವುದೇ ಆಂಟಿಯ ಕಸುಬು. ಬಂದರಿನ ಏಜೆಂಟರಿಗೆ ಫೋನ್ ಹಚ್ಚಿ, ಎಷ್ಟು ಟ್ಯಾಂಕರ್ ಹೊರಟವು, ಒಂದೊಂದೂ ನೀರಿನಲ್ಲಿ ಎಷ್ಟು ಅಡಿ ಮುಳುಗಿತ್ತು ಎಂದು ಕೇಳುತ್ತಿದ್ದರು. ತುಂಬಿದ ಹಡಗು ಆಳಕ್ಕೆ ಕೂರುತ್ತದೆ, ಖಾಲಿಯದು ಮೇಲೇಳುತ್ತದೆ.

"ಮಂತ್ರಿ ಏನ್ ಅಂದಾನ ಅದನ್ನ ಕೇಳಬ್ಯಾಡ. ಹಡಗ ಎಷ್ಟ ಮುಳಗೇದ ನೋಡು" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹಡ್ಸನ್ನಿನ ಬಾರ್ಜಿಗೂ ಅವರ ಕೆಲಸಕ್ಕೂ ಸಂಬಂಧವಿರಲಿಲ್ಲ. ಅದು ಬರೀ ಚಟ.

ಆಂಟಿ ತಪ್ಪುತ್ತಿರಲಿಲ್ಲವೆಂದಲ್ಲ. ಒಮ್ಮೆ ವಿಯೆನ್ನಾದ ಮೀಟಿಂಗ್ ಮುಗಿದ ಮರುದಿನ, "ರೇಟ್ ಏರ್ತದ, ಇವತ್ತ ಕಾರಿನ ಟ್ಯಾಂಕ್ ತುಂಬಿಸ್ಕೋರಿ" ಎಂದು ಕಟ್ಟಡದ ಉಳಿದ ಐದೂ ಕನ್ನಡ ಮನೆಗಳಿಗೆ ಫೋನ್ ಮಾಡಿದರು. ಹಿಮ ಬೀಳುತ್ತಿದ್ದರೂ ನಾವೆಲ್ಲ ಗ್ಯಾಸ್ ಸ್ಟೇಷನ್ನಿನಲ್ಲಿ ಸಾಲು ನಿಂತೆವು. ಆ ವಾರವೇ ಬೆಲೆ ಇಳಿಯಿತು. ಲಿಫ್ಟಿನಲ್ಲಿ ನಾವು ಮುಖ ತಿರುಗಿಸಿ ನಿಂತರೆ ಆಂಟಿಗೆ ಕಿಂಚಿತ್ತೂ ನಾಚಿಕೆಯಿಲ್ಲ. "ಯಾವನೋ ಕೋಟಾ ಮುರದಾನ. ನನ್ನ ಮ್ಯಾಲ ಯಾಕ ಸಿಟ್ಟು?" ಎಂದರು.

ಕೋಟಾ ಮುರಿಯುವವರು ನಮ್ಮಲ್ಲೂ ಇದ್ದೆವು. ತಿಂಗಳಿಗೊಮ್ಮೆ ಐದೂ ಮನೆಯವರು ಆಂಟಿಯ ಮನೆಯಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಸೇರುತ್ತಿದ್ದೆವು. ಸುಲಭವೆಂದು ಎಲ್ಲರೂ ಚಿತ್ರಾನ್ನವನ್ನೇ ತರುತ್ತಿದ್ದರಿಂದ ಅದನ್ನು ಕೇಳುವವರೇ ಇಲ್ಲದಂತಾಗಿ, ಆಂಟಿಯ ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೂರುತ್ತಿತ್ತು. ಕೊನೆಗೆ ಆಂಟಿ ಸೋಫಾದ ಮೇಲೆ ನಮ್ಮನ್ನೆಲ್ಲ ಕೂರಿಸಿ ಕೋಟಾ ಹಂಚಿದರು. ಚಿತ್ರಾನ್ನ ಒಂದೇ ಮನೆ, ಒಂದೇ ಟ್ರೇ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದೆವು.

ಮುಂದಿನ ತಿಂಗಳು ಚಿತ್ರಾನ್ನದ ಸರದಿ ನನ್ನದು. ಒಂದೇ ಟ್ರೇ ಒಯ್ದರೆ ಜಿಪುಣಿ ಅಂದುಕೊಂಡಾರೆಂದು ಎರಡನೆಯದನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬಚ್ಚಿಟ್ಟು ಹೋದೆ. ಆಂಟಿ ಬಾಗಿಲಲ್ಲೇ ತಡೆದರು. "ಎಡಗಡೆ ಭುಜ ಜೋತುಬಿದ್ದದ. ಬ್ಯಾಗ್ ತಗಿ."

ಇಂಥವರಿಂದಲೇ ನನ್ನ ಅನ್ನದ ದಾರಿ ಉಳಿಯಿತು. ನಾನಾಗ ಮಾರಿಸ್‌ಟೌನಿನ ಒಂದು ಸಾಫ್ಟ್‌ವೇರ್ ಕಂಪನಿಗೆ ದಿನಾ ಕಾರಿನಲ್ಲಿ ಹೋಗಿಬರುತ್ತಿದ್ದೆ. ವೀಸಾ ಅವರದೇ; ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಆದರೆ ಐಟಿ ಮಂದಿಗೆ ನೆಲ ಕಾಣದ ಕಾಲ, ಹೆದರಿಕೆ ಯಾರಿಗಿತ್ತು? ಒಂದು ಭಾನುವಾರ ಊಟಕ್ಕೆ ಕೂತಾಗ ಜಂಭ ಕೊಚ್ಚಿದೆ.

"ನಮ್ಮ ಸಿಇಓ ಮೀಟಿಂಗಲ್ಲಿ ಹೇಳಿದ್ರು ಆಂಟಿ, ಇನ್ನೂ ಜನ ತಗೋತೀವಿ ಅಂತ. ನನಗಂತೂ ಲಕ್ ಕುದುರಿದೆ. ಒಂಬತ್ತಕ್ಕೆ ಹೋದ್ರೂ ಬಾಗಿಲ ಪಕ್ಕನೇ ಪಾರ್ಕಿಂಗ್ ಸಿಗುತ್ತೆ!"

ಬಡಿಸುತ್ತಿದ್ದ ಆಂಟಿ ಸೌಟು ಕೆಳಗಿಟ್ಟರು. "ಮೊದಲ ಎಲ್ಲಿ ಹಾಕ್ತಿದ್ದಿ?"

"ಹಿಂದಿನ ಲಾಟಲ್ಲಿ, ಕಸದ ಡಂಪ್‌ಸ್ಟರ್ ಹತ್ರ."

"ಹುಚ್ಚಿ, ಹಡಗ ಮ್ಯಾಲ ಎದ್ದದ. ಇವತ್ತ ರೆಸ್ಯೂಮೆ ಬರಿ."

ನನಗೆ ಮೈಯುರಿಯಿತು. ಎಣ್ಣೆ ಲೆಕ್ಕ ಹಾಕುವವರಿಗೆ ಸಾಫ್ಟ್‌ವೇರ್ ಏನು ಗೊತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆದರೂ ಮರುದಿನ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕಾರುಗಳನ್ನು ಎಣಿಸಿದೆ, ಶುಕ್ರವಾರ ಮತ್ತೊಮ್ಮೆ ಎಣಿಸಿದೆ. ಐದೇ ದಿನದಲ್ಲಿ ಎಂಟು ಕಡಿಮೆ. ಆ ರಾತ್ರಿಯೇ ರೆಸ್ಯೂಮೆ ಬರೆದೆ. ನ್ಯೂಯಾರ್ಕಿನ ಇನ್ನೊಂದು ಕಂಪನಿ ನನ್ನ ವೀಸಾ ಬದಲಿಸಿಕೊಂಡ ಕೆಲವೇ ವಾರಗಳಿಗೆ ಮಾರಿಸ್‌ಟೌನಿನ ಆಫೀಸಿಗೆ ಬೀಗ ಬಿತ್ತು. ಜೊತೆಗಿದ್ದವರಲ್ಲಿ ನಾಲ್ವರು ಟಿಕೆಟ್ ತೆಗೆದುಕೊಂಡು ಊರಿಗೆ ಹೊರಟರು. ಆಂಟಿಯ ಕಾಲಿಗೆ ಬೀಳಹೋದರೆ, "ಏಳು, ನಾ ಏನ್ ಮಾಡೇನಿ? ಪಾರ್ಕಿಂಗ್ ನೋಡಿದಾಕಿ ನೀನ" ಎಂದು ಎಬ್ಬಿಸಿದರು.

ವರ್ಷಗಳು ಕಳೆದವು. ನಾನು ನದಿಯಾಚೆ, ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿಗೆ ಮನೆ ಬದಲಿಸಿದ್ದೆ. ಫೋನಿನಲ್ಲಿ ಯಾವಾಗ ಕೇಳಿದರೂ ಆಂಟಿ ಆರಾಮ. "ನನಗೇನಾಗೇದ? ಗುಂಡಕಲ್ಲ ಇದ್ದಂಗ ಇದ್ದೀನಿ. ಸುಮ್ನ ಬ್ರಿಡ್ಜ್ ಟೋಲ್ ಯಾಕ ಕೊಡ್ತಿ?" ಒಂದು ಶನಿವಾರ ಹೇಳದೆಯೇ ಹೋದೆ. ಇಸ್ತ್ರಿ ಮಾಡಿದ ಇಳಕಲ್ ಸೀರೆ, ನೆಟ್ಟಗಿನ ಬೆನ್ನು, ದೊಡ್ಡ ನಗು. ಚಹಾದ ಕಪ್ಪು ಎತ್ತಿ ನನ್ನ ಕೈಗೆ ಕೊಟ್ಟರು. ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈಗೆ ಹೋಗಿ ನಿಂತವು.

ನಾನು ನೋಡಿದ್ದನ್ನು ಅವರೂ ನೋಡಿದರು.

"ಛಲೋ ಕಲಿಸೇನಿ ನಿನಗ" ಎಂದು ನಕ್ಕು, ಬಳೆ ಕೆಳಗೆಳೆದುಕೊಂಡು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು. ಆಮೇಲೆ ಅವರಿರುವವರೆಗೂ ಪ್ರತಿ ಶನಿವಾರ ಹೋದೆ. ಟೋಲಿನ ಬಗ್ಗೆ ಪ್ರತಿ ಶನಿವಾರ ಬೈಸಿಕೊಂಡೆ. ಅವರ ಮಾತು ಕೇಳಿ ಹೋಗದೆ ಇದ್ದಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿರಲಿಲ್ಲ.

ಅವರು ಹೋದ ಮೇಲೆ ಹಳೆಯ ಮನೆಯವರೆಲ್ಲ ಅದೇ ಎಂಟನೇ ಮಹಡಿಯಲ್ಲಿ ಸೇರಿದೆವು. ಅಂಕಲ್ ಒಬ್ಬರೇ ಇದ್ದಾರೆಂದು ಪ್ರತಿಯೊಬ್ಬರೂ ಏನಾದರೂ ಮಾಡಿಕೊಂಡು ಬಂದಿದ್ದೆವು. ಯಾರು ಏನು ತರಬೇಕೆಂದು ಯಾರೂ ಹೇಳಿರಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಐದು ಟ್ರೇ ಚಿತ್ರಾನ್ನ. ಮೊದಲು ಅಂಕಲ್ ನಕ್ಕರು, ಆಮೇಲೆ ನಾವೆಲ್ಲ ಅತ್ತೆವು. ಅವತ್ತು ಐದೂ ಟ್ರೇಗಳನ್ನು, ಒಂದಗುಳು ಬಿಡದೆ, ತಿಂದು ಮುಗಿಸಿದೆವು.